ಅಮ್ಮ ಬರೆದ ದೇವದೂತೆ

ನನ್ನ ತಂಗಿ ಮಮತಾಳ ಸಾವನ್ನು ಅಮ್ಮ ನಮ್ಮ ಊಟದ ಮೇಜಿನ ಮೇಲೆ ಬರೆದು ಮುಗಿಸುವಾಗ, ಮಮತಾ ಅದೇ ಮೇಜಿನ ಇನ್ನೊಂದು ತುದಿಯಲ್ಲಿ ಕುಳಿತು ಹಾಲಿಗೆ ರಸ್ಕ್ ಅದ್ದಿ ತಿನ್ನುತ್ತಿದ್ದಳು. ಅವಳಿಗೆ ಎಂಟು ವರ್ಷ, ನನಗೆ ಹನ್ನೆರಡು. ಅಮ್ಮನ ಕಣ್ಣಿನಿಂದ ನೀರು ಇಳಿಯುತ್ತಿತ್ತು. ಬರೆಯುತ್ತಾ ಅಳುವುದು ಅವಳಿಗೆ ಅಭ್ಯಾಸ. ಹಾಳೆ ಒದ್ದೆಯಾಗದ ಹಾಗೆ ಸ್ವಲ್ಪ ಹಿಂದಕ್ಕೆ ವಾಲಿ, ಸೆರಗಿನಿಂದ ಮೂಗು ಒರೆಸಿಕೊಂಡು, ಸಾಲು ತಪ್ಪದೆ ಬರೆಯುತ್ತಿದ್ದಳು. ರಸ್ಕ್ ಮುರಿದ ಸದ್ದಿಗೆ ಒಮ್ಮೆ ತಲೆ ಎತ್ತಿ, "ಸದ್ದು ಮಾಡಬೇಡ ಚಿನ್ನಾ, ಅಮ್ಮ ಬರೀತಾ ಇದ್ದೇನೆ" ಎಂದಳು. ಮತ್ತೆ ತಲೆ ತಗ್ಗಿಸಿ ಅಳುವುದನ್ನು ಮುಂದುವರಿಸಿದಳು.

ನಮ್ಮದು ವಾಮದಪದವು ಪೇಟೆಯಿಂದ ಐದು ನಿಮಿಷದ ದಾರಿ, ಶಾಲೆಯ ಆಟದ ಬಯಲಿಗೆ ಬೆನ್ನು ಹಾಕಿ ನಿಂತ ಸಣ್ಣ ಹಂಚಿನ ಮನೆ. ಮುಂದೆ ಜಗಲಿ, ನಡುವೆ ಒಂದು ದೊಡ್ಡ ಕೋಣೆ, ಅದಕ್ಕೆ ಅಂಟಿಕೊಂಡು ಮಲಗುವ ಕೋಣೆ, ಹಿಂದೆ ಅಡುಗೆಮನೆ. ಅಮ್ಮ ಅದೇ ಶಾಲೆಯಲ್ಲಿ ಟೀಚರ್. ಸಂಜೆ ಐದರಿಂದ ಏಳರವರೆಗೆ ನಡುಕೋಣೆಯ ಮೇಜು ಅವಳ ಬರವಣಿಗೆಗೆ ಮೀಸಲು. ಆ ಹೊತ್ತಿನಲ್ಲಿ ಹಸಿವಾದವರು, ಮಮತಾಳೊಬ್ಬಳನ್ನು ಬಿಟ್ಟು, ಅಡುಗೆಮನೆಯ ನೆಲದಲ್ಲಿ ಕುಳಿತು ತಿನ್ನಬೇಕು; ಬಟ್ಟಲಿಗೆ ಚಮಚ ತಾಗಿದ್ದೂ ಕೇಳಬಾರದು. ಇನ್ನೊಂದು ನಿಯಮವೂ ಇತ್ತು. ನಡುಕೋಣೆಯಲ್ಲಿ ತುಳು ಮಾತನಾಡುವ ಹಾಗಿರಲಿಲ್ಲ. ಊರಿಡೀ ತುಳು ಮಾತನಾಡುತ್ತಿತ್ತು, ಅಮ್ಮನ ತಾಯಿಯೂ ತುಳುವಿನಲ್ಲಿಯೇ ಬೈದು ತುಳುವಿನಲ್ಲಿಯೇ ತೀರಿಕೊಂಡವರು. ಆದರೆ ಕಾದಂಬರಿ ಬರೆಯುವ ಮನೆಯಲ್ಲಿ ಅಚ್ಚುಕಟ್ಟಾದ ಕನ್ನಡ ಇರಬೇಕು ಎಂದು ಅಮ್ಮ ತೀರ್ಮಾನಿಸಿದ್ದಳು. ಅಪ್ಪ ಬಿ.ಸಿ. ರೋಡಿನಿಂದ ಮೂಡುಬಿದಿರೆಗೆ ಹೋಗುವ ಖಾಸಗಿ ಬಸ್ಸಿನಲ್ಲಿ ಕಂಡಕ್ಟರ್. ಇಡೀ ದಿನ ಊರಿನ ಎಲ್ಲ ಭಾಷೆಗಳಲ್ಲಿ ಕೂಗಿ ಬಂದ ಅವರು ಮನೆಯ ಹೊಸ್ತಿಲು ದಾಟಿದ ಕೂಡಲೇ ಮೂಕರಾಗುತ್ತಿದ್ದರು. ಏನಾದರೂ ಹೇಳಬೇಕೆನಿಸಿದರೆ ಸೀದಾ ಅಡುಗೆಮನೆಗೆ ಹೋಗಿ, ಮೀನು ಕೊಯ್ಯುತ್ತಾ, ನಮ್ಮಿಬ್ಬರ ಹತ್ತಿರ ತುಳುವಿನಲ್ಲಿ ಹೇಳುತ್ತಿದ್ದರು. ನನಗೆ ಅಪ್ಪನ ಮಾತು ನೆನಪಾದರೆ ಜೊತೆಗೆ ಬಂಗುಡೆಯ ವಾಸನೆಯೂ ಬರುತ್ತದೆ.

ಮಮತಾಳ ಹೃದಯದಲ್ಲಿ ಹುಟ್ಟುವಾಗಲೇ ತೂತು ಇತ್ತು. ನಾಲ್ಕು ಹೆಜ್ಜೆ ಓಡಿದರೆ ಸಾಕು, ಎಲ್ಲಿದ್ದರೆ ಅಲ್ಲಿ ಕುಕ್ಕರುಗಾಲಲ್ಲಿ ಕುಳಿತು ಮೊಣಕಾಲಿಗೆ ಗಲ್ಲ ಊರಿ ಉಸಿರು ಎಳೆಯುತ್ತಿದ್ದಳು. ಆಗ ಅವಳ ತುಟಿ, ಉಗುರು ಎಲ್ಲ ನೇರಳೆ ಹಣ್ಣು ತಿಂದವರ ಹಾಗೆ ಆಗುತ್ತಿತ್ತು. ಸ್ವಲ್ಪ ದೊಡ್ಡವಳಾದ ಮೇಲೆ ಶಸ್ತ್ರಚಿಕಿತ್ಸೆ ಮಾಡುವ ಎಂದು ಮಂಗಳೂರಿನ ಡಾಕ್ಟರು ಹೇಳಿದ್ದರು. ಅವಳು ಬೆಳ್ಳಗೆ, ತೆಳ್ಳಗೆ ಇದ್ದಳು. ನಾನು ಅಪ್ಪನ ಹಾಗೆ ಕಪ್ಪು, ಅಗಲ ಹೆಗಲು. ಇಷ್ಟನ್ನು ನೋಡಿ ಜನ ಏನು ಊಹಿಸುತ್ತಾರೋ ಮಮತಾ ಅದಕ್ಕೆ ಪೂರ್ತಿ ವಿರುದ್ಧವಾಗಿದ್ದಳು. ಅವಳಷ್ಟು ಬಾಯಿಬಡುಕಿಯನ್ನು ನಾನು ಕಂಡಿಲ್ಲ. ಬಸ್ ಸ್ಟಾಂಡಿನಲ್ಲಿ ಕಲಿತ ಬೈಗುಳಗಳನ್ನು ನನ್ನ ಕಿವಿಯಲ್ಲಿ ಹೇಳಿ ನಗುತ್ತಿದ್ದಳು. ಆಟದಲ್ಲಿ ಸೋಲುವಂತಾದರೆ ಎದೆ ಹಿಡಿದುಕೊಂಡು ಕುಳಿತುಬಿಡುತ್ತಿದ್ದಳು. ಅಮ್ಮ ಓಡಿ ಬಂದು ನನ್ನ ಬೆನ್ನಿಗೆ ಎರಡು ಬಾರಿಸುತ್ತಿದ್ದಳು. ಅಮ್ಮನ ಹೆಗಲ ಮೇಲಿಂದ ಮಮತಾ ನನಗೆ ನಾಲಿಗೆ ತೋರಿಸುತ್ತಿದ್ದಳು. ನಾನೂ ಕಡಿಮೆಯವಳಲ್ಲ, ಅವಳ ತೊಡೆಯ ಒಳಭಾಗದಲ್ಲಿ, ಯಾರಿಗೂ ಕಾಣದ ಕಡೆ ಚಿವುಟುತ್ತಿದ್ದೆ. ಒಟ್ಟಿನಲ್ಲಿ ನಾವು ಎಲ್ಲ ಅಕ್ಕತಂಗಿಯರ ಹಾಗೆಯೇ ಇದ್ದೆವು.

ನೆರೆಮನೆಯ ಸಿಸಿಲಿ ಬಾಯಿಯ ಚಾವಡಿಯಲ್ಲಿ ಏಸುವಿನ ಪಟದ ಪಕ್ಕ ಒಂದು ದೇವದೂತನ ಚಿತ್ರವಿತ್ತು. ಹಳ್ಳದ ಮೇಲಿನ ಮುರಿದ ಮರದ ಸಂಕ ದಾಟುವ ಇಬ್ಬರು ಮಕ್ಕಳ ಹಿಂದೆ, ದೊಡ್ಡ ಬಿಳಿ ರೆಕ್ಕೆಯ ದೇವದೂತ ಕೈ ಚಾಚಿ ನಿಂತಿದ್ದ. ಹಬ್ಬದ ಕುಸ್ವಾರ್ ತಿಂಡಿ ತಿನ್ನಲು ಹೋದಾಗಲೆಲ್ಲ ನಾನು ಅದರ ಕೆಳಗೆ ಕುಳಿತುಕೊಳ್ಳುತ್ತಿದ್ದೆ.

"ಪ್ರತಿಯೊಬ್ಬರಿಗೂ ಒಬ್ಬ ದೇವದೂತ ಉಂಟು ಬಾಯೇ. ಹುಟ್ಟಿದಾಗಿನಿಂದ ಹಿಂದೆಯೇ ಇರ್ತಾನೆ," ಎಂದು ಸಿಸಿಲಿ ಬಾಯಿ ಹೇಳಿದರು.

"ನನಗೂ ಉಂಟಾ?"

"ಉಂಟು, ಉಂಟು. ನಿನಗೆ ಸ್ವಲ್ಪ ಗಟ್ಟಿಮುಟ್ಟಾದವನನ್ನೇ ಕೊಟ್ಟಿರಬೇಕು."

ಒಂದು ದಿನ ಅಮ್ಮ ನಮ್ಮನ್ನು ಕರೆಯಲು ಬಂದವಳು ಆ ಚಿತ್ರದ ಎದುರು ನಿಂತುಬಿಟ್ಟಳು. ಸಿಸಿಲಿ ಬಾಯಿ ಎರಡು ಸಲ ಕೂರಲು ಹೇಳಿದರೂ ಅವಳಿಗೆ ಕೇಳಿಸಲಿಲ್ಲ. ಅದುವರೆಗೆ ಅಮ್ಮ ಬರೆದು ಕಳುಹಿಸಿದ ಹತ್ತಾರು ಕಥೆಗಳು ಹೋದ ದಾರಿಯಲ್ಲಿಯೇ ಹಿಂದೆ ಬಂದಿದ್ದವು. ಅದರ ಮರುದಿನ ಅವಳು ಹೊಸ ನೋಟುಬುಕ್ಕು ತೆಗೆದಳು. ಮಳೆಗಾಲ ಮುಗಿಯುವುದರ ಒಳಗೆ ಬೆಂಗಳೂರಿನ ಒಂದು ವಾರಪತ್ರಿಕೆಯಲ್ಲಿ 'ರೆಕ್ಕೆ ಮರೆತು ಬಂದವಳು' ಎಂಬ ಧಾರಾವಾಹಿ ಸುರುವಾಯಿತು.

ಕಥೆ ಇಷ್ಟು. ಜಗಳ, ಕುಡಿತಗಳಿಂದ ಒಡೆದುಹೋಗುತ್ತಿದ್ದ ಒಂದು ಮನೆಗೆ ದೇವರು ತನ್ನ ದೇವದೂತೆಯನ್ನು ಮಗಳಾಗಿ ಕಳುಹಿಸುತ್ತಾನೆ. ಶುಭ್ರಾ ಎಂದು ಅವಳ ಹೆಸರು. ಆಕಾಶದಿಂದ ಇಳಿಯುವಾಗ ಅಲ್ಲಿಯ ಬಣ್ಣ ತುಟಿಗೆ ಅಂಟಿಕೊಂಡದ್ದರಿಂದ ಅವಳ ತುಟಿ ನೀಲಿ. ರೆಕ್ಕೆಯನ್ನು ಅಲ್ಲಿಯೇ ಬಿಟ್ಟು ಬಂದದ್ದರಿಂದ ಎದೆಯಲ್ಲಿ ಸದಾ ಒಂದು ನೋವು. ಅವಳು ಯಾರ ಮೇಲೂ ಸಿಟ್ಟಾಗುವುದಿಲ್ಲ, ಏನನ್ನೂ ಕೇಳುವುದಿಲ್ಲ, ಮುಟ್ಟಿದವರ ಮನಸ್ಸು ಮೆತ್ತಗಾಗುತ್ತದೆ. ಒಬ್ಬಳ ಮನಸ್ಸು ಮಾತ್ರ ಮೆತ್ತಗಾಗುವುದಿಲ್ಲ. ಅವಳು ಶುಭ್ರಾಳ ಅಕ್ಕ ಶ್ಯಾಮಲಾ. ಕಪ್ಪು ಬಣ್ಣ, ಅಗಲ ಹೆಗಲು. ತಂಗಿಯ ತೊಡೆಯ ಒಳಭಾಗದಲ್ಲಿ, ಯಾರಿಗೂ ಕಾಣದ ಕಡೆ ಚಿವುಟುತ್ತಾಳೆ.

ಅದನ್ನು ಓದಿದ ದಿನ ನನಗೆ ತಿಳಿಯಿತು. ಚಿವುಟುವುದು ಅಮ್ಮನಿಗೆ ಗೊತ್ತಿತ್ತು. ಗೊತ್ತಿದ್ದೂ ಅವಳು ನನ್ನನ್ನು ಕರೆದು ಗದರಿರಲಿಲ್ಲ. ಬೇಕಾಗುತ್ತದೆ ಎಂದು ಇಟ್ಟುಕೊಂಡಿದ್ದಳು.

ಮೂರನೇ ಕಂತಿನ ಹೊತ್ತಿಗೆ ಓದುಗರ ಕಾಗದಗಳು ಬರತೊಡಗಿದವು. ಚಿತ್ರಕಾರರಿಗೆ ಮಾದರಿ ಬೇಕೆಂದು ಸಂಪಾದಕರು ಕೇಳಿದ್ದಕ್ಕೆ ಅಮ್ಮ ಮಮತಾಳ ಫೋಟೋವನ್ನೂ ನನ್ನ ಫೋಟೋವನ್ನೂ ಕಳುಹಿಸಿದಳು. ಹಾಗಾಗಿ ಮುಂದಿನ ವಾರ ಪತ್ರಿಕೆಯಲ್ಲಿ ನಮ್ಮ ಮುಖಗಳೇ ಬಂದವು. ಅವಳ ಬೆನ್ನ ಹಿಂದೆ ಮಸುಕಾದ ರೆಕ್ಕೆ, ನನ್ನ ಹುಬ್ಬು ಇದ್ದುದಕ್ಕಿಂತ ಎರಡು ಪಟ್ಟು ದಪ್ಪ. ಅಪ್ಪನ ಬಸ್ಸಿನಲ್ಲಿ ಕಾಲೇಜು ಹುಡುಗಿಯರು ಪತ್ರಿಕೆ ಹಿಡಿದುಕೊಂಡು, "ಕಂಡಕ್ಟರೇ, ಇದು ನಿಮ್ಮ ಮಗಳಾ? ನಿಮಗೆ ಕುಡಿತ ಉಂಟಾ?" ಎಂದು ಕೇಳುತ್ತಿದ್ದರಂತೆ. ಅಪ್ಪ ಜೀವಮಾನದಲ್ಲಿ ಕುಡಿದವರಲ್ಲ. ಶಾಲೆಯಲ್ಲಿ ಮೊದಲು ಹುಡುಗಿಯರು, ಆಮೇಲೆ ಗಣಿತದ ಮಾಸ್ಟ್ರು ಕೂಡ ನನ್ನನ್ನು ಶ್ಯಾಮಲಾ ಎಂದೇ ಕರೆದರು. ನನ್ನ ಹೆಸರು ಯಶೋದಾ ಎಂಬುದನ್ನು ಹಾಜರಿ ಪುಸ್ತಕ ಬಿಟ್ಟರೆ ಇನ್ನಾರೂ ನೆನಪಿಟ್ಟುಕೊಳ್ಳಲಿಲ್ಲ. ಯಾರ ಪೆನ್ಸಿಲ್ ಕಳೆದರೂ ಮೊದಲು ನನ್ನ ಚೀಲ ತೆರೆಸುತ್ತಿದ್ದರು. ಎರಡು ಸಲ ತೆರೆಸಿದ ಮೇಲೆ ಮೂರನೆಯ ಸಲ ಅದರಲ್ಲಿ ನಿಜವಾಗಿಯೂ ಪೆನ್ಸಿಲ್ ಇತ್ತು. ಕದ್ದದ್ದು ನಾನೇ. ಹೇಗೂ ಹೊಡೆತ ಬೀಳುವುದಾದರೆ ಪೆನ್ಸಿಲಾದರೂ ಇರಲಿ ಎಂದು ಅನಿಸಿತ್ತು.

ಮಮತಾಳಿಗೂ ಸುಖವಿರಲಿಲ್ಲ. ಅಮ್ಮ ಅವಳಿಗೆ ಬಿಳಿ ಫ್ರಾಕುಗಳನ್ನೇ ಹೊಲಿಸಿದಳು. ಕೆಸರಾಗುತ್ತದೆಂದು ಅಂಗಳಕ್ಕೆ ಇಳಿಯಲು ಬಿಡಲಿಲ್ಲ. ಆರನೇ ಕಂತಿನಲ್ಲಿ ಶುಭ್ರಾ ಮೀನನ್ನು ಕಂಡು ಕಣ್ಣೀರು ಹಾಕುತ್ತಾಳೆ, ಜೀವ ಇದ್ದದ್ದನ್ನು ತಿನ್ನಲಾರೆ ಎನ್ನುತ್ತಾಳೆ. ಓದುಗರಿಗೆ ಅದು ತುಂಬ ಹಿಡಿಸಿತು. ಆ ವಾರದಿಂದ ನಮ್ಮ ಮನೆಯಲ್ಲಿ ಮಮತಾಳ ಬಟ್ಟಲಿಗೆ ಮೀನು ಬೀಳುವುದು ನಿಂತಿತು. ಹುಟ್ಟಿದಂದಿನಿಂದ ಬಂಗುಡೆಯ ತಲೆಯನ್ನು ಚೀಪಿ ಬೆಳೆದ ಹುಡುಗಿ ಅವಳು. ನಾವು ಕುಚ್ಚಲಕ್ಕಿ ಅನ್ನಕ್ಕೆ ಮೀನಿನ ಕೆಂಪು ಪುಳಿಮುಂಚಿ ಸಾರು ಕಲಸಿ ತಿನ್ನುವಾಗ ಅವಳ ಎದುರು ಹಾಲು, ರಸ್ಕ್, ಬಾಳೆಹಣ್ಣು.

"ನನಗೆ ಒಂದು ತುಂಡು ಸಾಕು ಅಮ್ಮ," ಎಂದು ಅವಳು ಅಂಗಲಾಚಿದರೆ ಅಮ್ಮ ಅವಳ ಕೆನ್ನೆ ಸವರಿ, "ನಿನಗೆ ಅದೆಲ್ಲ ಸೇರುವುದಿಲ್ಲ ಚಿನ್ನಾ," ಎನ್ನುತ್ತಿದ್ದಳು. ಊಟವಾದ ಮೇಲೆ ಮಮತಾ ಅಡುಗೆಮನೆಗೆ ಬಂದು ನನ್ನ ಕೈ ಹಿಡಿದು ಬೆರಳುಗಳನ್ನು ಮೂಸುತ್ತಿದ್ದಳು. ಕೆಲವೊಮ್ಮೆ ನೆಕ್ಕಲು ಬಿಡುತ್ತಿದ್ದೆ. ಸಿಟ್ಟಿದ್ದ ದಿನ ಅವಳ ಎದುರೇ ಸೋಪು ಹಾಕಿ ತೊಳೆಯುತ್ತಿದ್ದೆ.

ಶಸ್ತ್ರಚಿಕಿತ್ಸೆಗೆ ತಾರೀಕು ಕೊಟ್ಟು ಆಸ್ಪತ್ರೆಯಿಂದ ಕಾಗದ ಬಂದಾಗ ಧಾರಾವಾಹಿ ಮುಗಿಯಲು ನಾಲ್ಕು ಕಂತು ಬಾಕಿ ಇತ್ತು. ಅಪ್ಪ ಆ ದಿನ ಖುಷಿಯಲ್ಲಿ ನಿಯಮ ಮರೆತು, ಅಮ್ಮ ಬರೆಯುತ್ತಿದ್ದ ಹೊತ್ತಿನಲ್ಲಿಯೇ ನಡುಕೋಣೆಗೆ ಬಂದರು.

"ತಾರೀಕು ಸಿಕ್ಕಿತು ಮಾರಾಯ್ತಿ. ಮುಂದಿನ ಸೋಮವಾರವೇ ಕರಕೊಂಡು ಹೋಗುವ."

ಅಮ್ಮ ಪೆನ್ನಿನ ಮುಚ್ಚಳ ಹಾಕಿ, ಕಾಗದವನ್ನು ಎರಡು ಸಲ ಓದಿದಳು.

"ಈಗ ಆಗುವುದಿಲ್ಲ. ಇನ್ನು ನಾಲ್ಕು ಕಂತು ಉಂಟು. ಆಸ್ಪತ್ರೆಯ ಬೆಂಚಿನಲ್ಲಿ ಕುಳಿತು ಬರೆಯಲಿಕ್ಕೆ ಆಗ್ತದಾ?"

"ಮಗುವಿನ ಜೀವದ ಪ್ರಶ್ನೆ ಅಲ್ವಾ?"

"ತುರ್ತು ಅಂತ ಡಾಕ್ಟರು ಎಲ್ಲಿಯೂ ಬರೆದಿಲ್ಲ. ಎಂಟು ವರ್ಷ ಕಾದಿದ್ದೇವೆ. ಒಂದು ತಿಂಗಳು ಕಾದರೆ ಎಂತ ಆಗ್ತದೆ? ನನಗೆ ಇಷ್ಟು ವರ್ಷಕ್ಕೆ ಇದೊಂದು ಸಿಕ್ಕಿದೆ. ಇದನ್ನೂ ಬಿಡಬೇಕಾ ನಾನು?"

ಅಪ್ಪ ಕಾಗದವನ್ನು ಮಡಚಿ ಕಿಸೆಗೆ ಹಾಕಿಕೊಂಡರು. ಆಮೇಲೆ ನನ್ನ ಕೈ ಹಿಡಿದುಕೊಂಡು ಪೇಟೆಯ ಟೆಲಿಫೋನ್ ಬೂತಿಗೆ ಹೋದರು. ಗಾಜಿನ ಬಾಗಿಲ ಒಳಗೆ ನಿಂತು, "ಮಗುವಿಗೆ ಜ್ವರ ಉಂಟು ಸಾರ್, ಬೇರೆ ತಾರೀಕು ಕೊಡಿ," ಎಂದು ಆಸ್ಪತ್ರೆಯವರಿಗೆ ಹೇಳುವಾಗ ಅವರು ನನ್ನ ಮುಖ ನೋಡಲಿಲ್ಲ. ಎರಡು ವಾರ ಕಳೆದ ಮೇಲೆ ಮಮತಾ ಶಾಲೆಯ ಪ್ರಾರ್ಥನೆಯ ಸಾಲಿನಲ್ಲಿ ಕುಸಿದು ಬಿದ್ದಳು. ಮೈಯೆಲ್ಲ ಸೀಸದ ಬಣ್ಣವಾಗಿತ್ತು. ಅವಳನ್ನು ಎತ್ತಿಕೊಂಡು ಬಂದ ಅಮ್ಮ ಹಾಸಿಗೆಯ ಪಕ್ಕ ಕುಳಿತು ಸಂಜೆಯವರೆಗೆ ಅವಳ ತಲೆ ಸವರಿದಳು. ಅಮ್ಮನಿಗೆ ಪ್ರೀತಿ ಇರಲಿಲ್ಲ ಎಂದು ನಾನು ಹೇಳುವುದಿಲ್ಲ. ಐದು ಗಂಟೆಗೆ ಎದ್ದು ಹೋಗಿ ಬರೆಯಲು ಕುಳಿತಳು. ಆ ಸಂಜೆ ಬರೆದ ಕಂತಿನಲ್ಲಿ ಶುಭ್ರಾ ಪ್ರಾರ್ಥನೆಯ ಸಾಲಿನಲ್ಲಿ ಕುಸಿದು ಬೀಳುತ್ತಾಳೆ.

ಇನ್ನು ನಾನು ಮಾಡಿದ್ದನ್ನು ಹೇಳಬೇಕು. ಕೊನೆಯ ಕಂತನ್ನು ಅಮ್ಮ ಬರೆದು ಮುಗಿಸಿ ಕಪಾಟಿನಲ್ಲಿ ಸೀರೆಗಳ ಅಡಿಯಲ್ಲಿ ಇಟ್ಟಿದ್ದಳು. ಹೊಸ ತಾರೀಕಿಗೆ ಆಸ್ಪತ್ರೆಗೆ ಹೋಗಲು ಮೂರು ದಿನ ಉಳಿದಿತ್ತು. ಮಧ್ಯಾಹ್ನ, ಅಮ್ಮ ಶಾಲೆಯ ಮೀಟಿಂಗಿಗೆ ಹೋಗಿದ್ದಳು. ನಾನು ಜಗಲಿಯಲ್ಲಿ ಕುಳಿತು ನಕಾಶೆ ಬಿಡಿಸುತ್ತಿದ್ದೆ. ಮಮತಾ ಬಂದು ಅದರ ಮೇಲೆ ಉಗುಳಿದಳು. ಮೀನಿಲ್ಲದ, ಅಂಗಳವಿಲ್ಲದ ಆ ದಿನಗಳಲ್ಲಿ ಅವಳಿಗೂ ಯಾರ ಮೇಲಾದರೂ ಉಗುಳಬೇಕಿತ್ತು ಎಂದು ಈಗ ಅರ್ಥವಾಗುತ್ತದೆ. "ಶ್ಯಾಮಲಾ, ಕರಿ ಶ್ಯಾಮಲಾ," ಎಂದು ಹಾಡಿದಳು. ಹೊರಗಿನವರು ಹೇಳಿದ್ದನ್ನೆಲ್ಲ ನುಂಗಿದ್ದೆ. ಅವಳ ಬಾಯಿಂದ ಅದು ಬಂದದ್ದು ಮೊದಲ ಸಲ. ಒಳಗೆ ಹೋಗಿ, ಸೀರೆಗಳ ಅಡಿಯಿಂದ ಹಾಳೆಗಳನ್ನು ತಂದು, ಅವಳ ಎದುರು ಕುಳಿತೆ.

"ಬಾ, ನಿನ್ನ ಕಥೆ ಓದಿ ಹೇಳ್ತೇನೆ."

ಶಾಲೆಯಲ್ಲಿ ಗಟ್ಟಿಯಾಗಿ ಓದುವುದಕ್ಕೆ ನನಗೆ ಬಹುಮಾನ ಬಂದಿತ್ತು. ಆ ದಿನ ಅದಕ್ಕಿಂತ ಚೆನ್ನಾಗಿ ಓದಿದೆ. ಶುಭ್ರಾಳನ್ನು ಬಿಳಿ ಹಾಸಿಗೆಯ ಮೇಲೆ ಮಲಗಿಸುತ್ತಾರೆ. ಡಾಕ್ಟರು ಎದೆ ತೆರೆದಾಗ ಅಲ್ಲಿಂದ ಬೆಳಕು ಬರುತ್ತದೆ. ಅವಳು ಮೇಲಿನಿಂದ ತನ್ನದೇ ದೇಹವನ್ನು ನೋಡುತ್ತಾಳೆ. ರೆಕ್ಕೆಗಳು ಅವಳಿಗಾಗಿ ಕಾಯುತ್ತಿರುತ್ತವೆ. ಹೊರಗೆ ಅಪ್ಪ ಇನ್ನು ಕುಡಿಯುವುದಿಲ್ಲ ಎಂದು ಆಣೆ ಮಾಡುತ್ತಾನೆ, ಅಮ್ಮ ಅವನ ಹೆಗಲಿಗೆ ಒರಗುತ್ತಾಳೆ, ದುಷ್ಟ ಅಕ್ಕ ನೆಲಕ್ಕೆ ತಲೆ ಚಚ್ಚಿಕೊಂಡು ಅಳುತ್ತಾಳೆ. ಓದಿ ಮುಗಿಸಿದಾಗ ಮಮತಾ ಹಾಡುವುದನ್ನು ಯಾವಾಗಲೋ ನಿಲ್ಲಿಸಿದ್ದಳು.

"ಅವಳಿಗೆ ನೋವಾಯಿತಾ ಅಕ್ಕ?"

"ಇಲ್ಲ. ದೇವದೂತೆಗೆ ನೋವಾಗುವುದಿಲ್ಲ."

"ಪುನಃ ಮನೆಗೆ ಬರುವುದಿಲ್ಲವಾ?"

"ಇಲ್ಲ."

"ಅಮ್ಮ ಅತ್ತಳಾ?"

"ಅತ್ತಳು. ಎಲ್ಲರೂ ಅತ್ತರು. ಮತ್ತೆ ಎಲ್ಲ ಒಳ್ಳೆಯದಾಯಿತು."

ಅವಳು ನನ್ನ ಕೈಯಿಂದ ಹಾಳೆ ತೆಗೆದುಕೊಂಡು ಕಣ್ಣಿನ ಹತ್ತಿರ ಹಿಡಿದು ನೋಡಿದಳು. ಅಮ್ಮನ ಕೂಡಿಸಿ ಬರೆದ ಅಕ್ಷರ ಅವಳಿಗೆ ಓದಲು ಬರುತ್ತಿರಲಿಲ್ಲ. ನಕಾಶೆಯ ಮೇಲಿನ ಉಗುಳನ್ನು ತನ್ನ ಬಿಳಿ ಫ್ರಾಕಿನ ತುದಿಯಿಂದ ಒರೆಸಿ, ಒಳಗೆ ಹೋದಳು. ನನಗೆ ಆ ಕ್ಷಣ ಬಹಳ ಹಗುರವಾಗಿತ್ತು. ಪಶ್ಚಾತ್ತಾಪ ಆಮೇಲೆ ಬಂತು. ಮೊದಲು ಬಂದದ್ದು ಸುಖ.

ಹೊರಡುವ ಬೆಳಿಗ್ಗೆ ಮಮತಾ ಮನೆಯಲ್ಲಿ ಇರಲಿಲ್ಲ. ಅಪ್ಪ ಶಾಲೆ, ಬಾವಿಕಟ್ಟೆ, ಪೇಟೆ ಎಲ್ಲ ಹುಡುಕಿದರು. ಕೊನೆಗೆ ಸಿಸಿಲಿ ಬಾಯಿ ಅವಳನ್ನು ಸೊಂಟದಲ್ಲಿ ಎತ್ತಿಕೊಂಡು ನಮ್ಮ ಅಂಗಳಕ್ಕೆ ಬಂದರು. ಅವರ ಕೋಳಿಗೂಡಿನ ಹಿಂದೆ ಕುಕ್ಕರುಗಾಲಲ್ಲಿ ಕುಳಿತಿದ್ದಳಂತೆ. ಆಸ್ಪತ್ರೆಗೆ ಬರುವುದಿಲ್ಲ ಎಂದು ಅವರ ಕುತ್ತಿಗೆಯನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು. ಸಿಸಿಲಿ ಬಾಯಿ ಅಮ್ಮನ ಎದುರು ಯಾವತ್ತೂ ಸ್ವರ ಎತ್ತಿದವರಲ್ಲ. ಆ ದಿನ ಎತ್ತಿದರು.

"ಎಂತ ಬರೆದಿದ್ದೀರಿ ಟೀಚರೇ ನೀವು? ಮಗು ಸಾಯ್ತೇನೆ ಅಂತ ಹೇಳ್ತದೆ. ನಮ್ಮಲ್ಲಿ ಸತ್ತವರು ಯಾರೂ ದೇವದೂತರಾಗುವುದಿಲ್ಲ. ದೇವರು ಮಾಡಿದ ಜಾತಿಯೇ ಅದು ಬೇರೆ. ಮನುಷ್ಯರ ಮಗು ಸತ್ತರೆ ಸತ್ತಿತು, ಅಷ್ಟೇ. ಆ ಪಟದಲ್ಲಿ ದೇವದೂತ ಮಕ್ಕಳನ್ನು ಸಂಕ ದಾಟಿಸುವುದು. ತಳ್ಳುವುದಲ್ಲ."

ಅಮ್ಮನ ಮುಖ ಬಿಳಿಚಿತು. "ಇವಳಿಗೆ ಯಾರು ಹೇಳಿದರು?" ಎಂದಳು.

"ನಾನೇ ಓದಿದ್ದು," ಎಂದಳು ಮಮತಾ.

ನಾನು ಜಗಲಿಯ ಕಂಬದ ಹತ್ತಿರ ನಿಂತಿದ್ದೆ. ಅಮ್ಮ ನನ್ನ ಕಡೆ ತಿರುಗಿದಳು. ಹೊಡೆಯುತ್ತಾಳೆ ಎಂದು ಕಣ್ಣು ಮುಚ್ಚಿದೆ. ಹೊಡೆಯಲಿಲ್ಲ. ಕಣ್ಣು ಬಿಟ್ಟಾಗ ಅವಳು ನನ್ನನ್ನೇ ನೋಡುತ್ತಿದ್ದಳು, ಲೆಕ್ಕ ಸರಿಯಾಗಿ ಬಂದಾಗ ಮಕ್ಕಳ ಸ್ಲೇಟನ್ನು ನೋಡುವ ಹಾಗೆ.

"ನಾನು ಬರೆದ ಹಾಗೆಯೇ ಇದ್ದೀಯಲ್ಲ ನೀನು," ಎಂದಳು.

ಅಪ್ಪ ಮಮತಾಳನ್ನು ಎತ್ತಿಕೊಂಡೇ ಬಸ್ಸು ಹತ್ತಿದರು. ನನ್ನನ್ನು ಸಿಸಿಲಿ ಬಾಯಿಯ ಮನೆಯಲ್ಲಿ ಬಿಟ್ಟರು. ಮೂರು ವಾರ ನಾನು ಆ ದೇವದೂತನ ಪಟದ ಕೆಳಗೆ ಮಲಗಿದೆ. ಸಿಸಿಲಿ ಬಾಯಿ ಪ್ರತಿ ಸಂಜೆ ಮಮತಾಳ ಹೆಸರಿನಲ್ಲಿ ತೇರ್ಸ್ ಹೇಳುವಾಗ ನಾನೂ ಮೊಣಕಾಲೂರಿ ಕುಳಿತುಕೊಳ್ಳುತ್ತಿದ್ದೆ. ಕೊಂಕಣಿಯ ಆ ಪ್ರಾರ್ಥನೆ ನನಗೆ ತಿಳಿಯುತ್ತಿರಲಿಲ್ಲ. ತಂಗಿ ಬದುಕಲಿ ಎಂದು ಬೇಡಿದೆನೋ, ನನ್ನ ಮೇಲೆ ತಪ್ಪು ಬಾರದಿರಲಿ ಎಂದು ಬೇಡಿದೆನೋ, ಎರಡನ್ನೂ ಬೇರೆ ಮಾಡಲು ಇಂದಿಗೂ ನನ್ನಿಂದ ಆಗಿಲ್ಲ.

ಮಮತಾ ಬದುಕಿದಳು. ತುಟಿಯ ಬಣ್ಣ ಕೆಂಪಾಗಿತ್ತು. ಎದೆಯ ನಡುವೆ ಉದ್ದಕ್ಕೆ ಹೊಲಿಗೆಯ ಗುರುತು. ಅವಳು ಮನೆಗೆ ಮರಳಿದ ವಾರವೇ ಪತ್ರಿಕೆಯಲ್ಲಿ ಕೊನೆಯ ಕಂತು ಬಂತು. ಅದರ ಕೊನೆಯಲ್ಲಿ ಅಮ್ಮ, 'ಇದು ನನ್ನ ಮನೆಯಂಗಳದ ಕಥೆ' ಎಂದು ಒಂದು ಸಾಲು ಸೇರಿಸಿದ್ದಳು. ಕಾಗದಗಳು ಗೋಣಿಯಲ್ಲಿ ಬಂದವು. ಎಲ್ಲರೂ ಅಮ್ಮನಿಗೆ ಸಮಾಧಾನ ಹೇಳಿದ್ದರು. ಅಮ್ಮ ಯಾರಿಗೂ ನಿಜ ಬರೆಯಲಿಲ್ಲ. ಆಮೇಲೆ ಜನರೇ ಬರತೊಡಗಿದರು, ಹೆಚ್ಚಾಗಿ ಭಾನುವಾರ. ಅಂಗಳದಲ್ಲಿ ಅಪರಿಚಿತರು ಕಂಡರೆ ಅಮ್ಮ ಮಮತಾಳನ್ನು ಮಲಗುವ ಕೋಣೆಗೆ ಕಳುಹಿಸಿ, "ಸ್ವಲ್ಪ ಹೊತ್ತು ಸುಮ್ಮನೆ ಇರು, ಚಿನ್ನಾ," ಎಂದು ಬಾಗಿಲು ಎಳೆದುಕೊಳ್ಳುತ್ತಿದ್ದಳು. ನಾನು ಚಹಾ ಕೊಡಬೇಕಿತ್ತು. ಮೂಡುಬಿದಿರೆಯಿಂದ ಬಂದ ಒಬ್ಬ ಅಜ್ಜಿ ನನ್ನ ಮುಖ ನೋಡಿ ಲೋಟವನ್ನು ಮುಟ್ಟಲೇ ಇಲ್ಲ. ಅಮ್ಮ ಅದೇ ಲೋಟವನ್ನು ತಾನೇ ಎತ್ತಿ ಕೊಟ್ಟ ಮೇಲೆ ಕುಡಿದರು.

ಹಾಗೆ ಒಂದು ಭಾನುವಾರ ಮುಂಡಾಜೆಯ ಕಡೆಯಿಂದ ಒಬ್ಬ ಹೆಂಗಸು ಒಬ್ಬರೇ ಬಂದರು. ಎರಡು ಬಸ್ಸು ಬದಲಿಸಿ ಬಂದಿದ್ದರು. ಕೈಚೀಲದಲ್ಲಿ ಎಲ್ಲ ಕಂತುಗಳನ್ನು ಕತ್ತರಿಸಿ ಹೊಲಿದು ಮಾಡಿದ ಪುಸ್ತಕವಿತ್ತು, ಜೊತೆಗೆ ಒಂದು ಸಣ್ಣ ಫೋಟೋ. ಎರಡು ಜಡೆಯ ಹುಡುಗಿ. ಹಿಂದಿನ ಬೇಸಿಗೆಯಲ್ಲಿ ಜ್ವರ ಬಂದು ನಾಲ್ಕೇ ದಿನದಲ್ಲಿ ಹೋದಳಂತೆ.

"ನಾನು ಊಟ ಬಿಟ್ಟಿದ್ದೆ ಅಮ್ಮ," ಎಂದರು ಅವರು. "ನಿಮ್ಮದನ್ನು ಓದಿದ ಮೇಲೆಯೇ ತಿನ್ನಲಿಕ್ಕೆ ಸುರು ಮಾಡಿದ್ದು. ಇಂಥಾ ಮಕ್ಕಳು ಇರಲಿಕ್ಕೆ ಬಂದವರಲ್ಲ ಅಂತ ನೀವು ಬರೆದಿದ್ದೀರಲ್ಲ, ಅದನ್ನು ದಿನಾ ಓದ್ತೇನೆ. ನಿಮ್ಮ ಮಗಳೂ ನನ್ನ ಮಗಳೂ ಅಲ್ಲಿ ಒಟ್ಟಿಗೆ ಇರಬಹುದಾ?"

ಅಮ್ಮ ಅವರ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡಳು. ಅವಳ ಕಣ್ಣು ತುಂಬಿತು. "ಇರ್ತಾರೆ," ಎಂದಳು.

ಆಗ ಅಡುಗೆಮನೆಯಿಂದ ಅಪ್ಪನ ಸ್ವರ ಬಂತು. ಅವರು ಮನೆಯೊಳಗೆ ಅಷ್ಟು ಗಟ್ಟಿಯಾಗಿ ಮಾತನಾಡಿದ್ದನ್ನು ನಾನು ಕೇಳಿರಲೇ ಇಲ್ಲ. ಬಸ್ಸಿನ ಬಾಗಿಲಲ್ಲಿ ನೇತಾಡಿಕೊಂಡು ಕೂಗುವ ಸ್ವರ ಅದು.

"ಮಮತಾ! ಬಲ ಮಗಾ, ಮೀನ್ ಆಂಡ್!"

ಬಾ ಮಗಾ, ಮೀನು ಆಯಿತು. ಕೋಣೆಯ ಬಾಗಿಲು ತೆರೆಯಿತು. ಮಮತಾ ಓಡಿಕೊಂಡು ಹೋದಳು. ನಾಲ್ಕು ಹೆಜ್ಜೆಗೆ ಕೂರುತ್ತಿದ್ದವಳು ಒಂದೇ ಓಟಕ್ಕೆ ಅಡುಗೆಮನೆ ಮುಟ್ಟಿದಳು. ಹಿಂದೆ ಬರುವಾಗ ಅವಳ ಕೈಯಲ್ಲಿ ಕಾಯಿಸಿದ ಬಂಗುಡೆ ಇತ್ತು, ಬಾಯಿ ಸುತ್ತ ಕೆಂಪು ಮಸಾಲೆ, ಫ್ರಾಕಿನ ಮೇಲೆ ಎಣ್ಣೆ. ಬಂದವರ ಎದುರು ನಿಂತು ಮುಳ್ಳು ತೆಗೆಯುತ್ತಾ ತಿನ್ನತೊಡಗಿದಳು. ಪತ್ರಿಕೆಯ ಚಿತ್ರದ ಮುಖವೇ. ಫ್ರಾಕಿನ ಕತ್ತಿನಿಂದ ಹೊಲಿಗೆಯ ಗುರುತಿನ ತುದಿ ಕಾಣುತ್ತಿತ್ತು.

ಆ ಹೆಂಗಸು ಅವಳನ್ನೇ ನೋಡಿದರು. ಸಿಟ್ಟು ಬರುತ್ತದೆ, ಬೈಯುತ್ತಾರೆ ಎಂದು ನಾನು ಕಾದೆ. ಅವರು ಬೈಯಲಿಲ್ಲ. ಬಹಳ ಮೆಲ್ಲಗೆ, ವಿಳಾಸ ಕೇಳುವವರ ಹಾಗೆ ಕೇಳಿದರು.

"ಹಾಗಾದರೆ ಸತ್ತದ್ದು ನನ್ನದು ಮಾತ್ರವಾ?"

ಅಮ್ಮ ಏನೋ ಹೇಳಲು ಹೊರಟಳು. ಕಾದಂಬರಿ ಅಂದರೆ ಹಾಗೆಯೇ, ಕಲ್ಪನೆ ಇರುತ್ತದೆ ಎಂದಳು. ಆ ಹೆಂಗಸು ಫೋಟೋವನ್ನು ಚೀಲಕ್ಕೆ ಹಾಕಿಕೊಂಡು, ಹೊಲಿದ ಪುಸ್ತಕವನ್ನು ಮೇಜಿನ ಮೇಲೆಯೇ ಬಿಟ್ಟು ಎದ್ದರು. ಅವರ ಬಸ್ಸಿಗೆ ಇನ್ನೂ ಒಂದು ಗಂಟೆ ಇತ್ತು. ಬಿಸಿಲಿಗೆ ಸೆರಗು ಹೊದ್ದುಕೊಂಡು ಜಂಕ್ಷನ್ನಿನಲ್ಲಿ ನಿಂತಿದ್ದರಂತೆ. ಅಪ್ಪ ಹಿಂದಿನಿಂದ ಓಡಿ ಹೋದರು, ಬಸ್ಸು ಬರುವವರೆಗೆ ಸ್ವಲ್ಪ ದೂರದಲ್ಲಿ ಸುಮ್ಮನೆ ನಿಂತು ಬಂದರು. ತನ್ನ ಹೆಂಡತಿಯನ್ನು ನಾಚಿಸಲು ಕೂಗಿದ ಕೂಗು ಯಾರಿಗೆ ತಾಗಿತು ಎಂಬುದು ಅವರಿಗೆ ಗೊತ್ತಾಗಿತ್ತು. ಇನ್ನೆಂದೂ ಅವರು ಮನೆಯಲ್ಲಿ ಸ್ವರ ಎತ್ತಲಿಲ್ಲ.

ಆ ಹೆಂಗಸೂ ಅಪ್ಪನೂ ಅತ್ತ ಹೋದ ಮೇಲೆ ಅಮ್ಮ ಮಮತಾಳ ಕಡೆ ಕೈ ಎತ್ತಿದಳು. ಹೊಲಿಗೆಯ ಗುರುತು ಕಣ್ಣಿಗೆ ಬಿದ್ದು ಕೈ ಅರ್ಧದಲ್ಲಿ ನಿಂತಿತು. ಎತ್ತಿದ ಕೈ ಎಲ್ಲಾದರೂ ಇಳಿಯಬೇಕಿತ್ತು. ಪಕ್ಕದಲ್ಲಿ ಚಹಾದ ತಟ್ಟೆ ಹಿಡಿದುಕೊಂಡು ನಾನಿದ್ದೆ.

ಆಮೇಲೆ ಅಮ್ಮ ಇನ್ನೂ ಎರಡು ಧಾರಾವಾಹಿ ಬರೆದಳು. ಸಂಪಾದಕರು ಇನ್ನೊಬ್ಬಳು ದೇವದೂತೆಯನ್ನೇ ಕೇಳುತ್ತಿದ್ದರು. ಆದರೆ ಮಮತಾ ಮೈ ತುಂಬಿಕೊಂಡು, ಮೊಣಕಾಲು ತರಚಿಕೊಂಡು, ಲೆಕ್ಕದಲ್ಲಿ ಫೇಲಾಗುತ್ತಾ ಎಲ್ಲರ ಹಾಗೆ ಬೆಳೆಯತೊಡಗಿದಳು. ಅಮ್ಮ ಅವಳನ್ನು ಚಿನ್ನಾ ಎಂದು ಕರೆಯುವುದನ್ನು ಯಾವಾಗ ನಿಲ್ಲಿಸಿದಳೋ ನೆನಪಿಲ್ಲ. ನಾನು ಮೂಡುಬಿದಿರೆಯ ಕಾಲೇಜಿಗೆ ಹೋಗುವಾಗ ಬಸ್ ಸ್ಟಾಂಡಿನ ಹತ್ತಿರದ ಬಾಡಿಗೆ ಪುಸ್ತಕದ ಅಂಗಡಿಯಲ್ಲಿ ಇಂಥ ಕಾದಂಬರಿಗಳನ್ನು ಹುಡುಕಿ ಹುಡುಕಿ ಓದಿದೆ. ಅವುಗಳಲ್ಲಿ ದೇವದೂತರು ಬೇಕಾದಷ್ಟು ಇದ್ದರು. ಯಾರಿಗೂ ಹಸಿವಿಲ್ಲ, ಹೊಟ್ಟೆಕಿಚ್ಚಿಲ್ಲ, ಯಾರೂ ಐವತ್ತು ವರ್ಷ ಬದುಕುವುದಿಲ್ಲ. ಮನೆಯವರನ್ನು ಒಳ್ಳೆಯವರನ್ನಾಗಿ ಮಾಡಿ ಸರಿಯಾದ ಪುಟದಲ್ಲಿ ಹೊರಟುಹೋಗುತ್ತಾರೆ. ಪ್ರತಿಯೊಂದರಲ್ಲಿಯೂ ದೇವದೂತೆಯ ಪಕ್ಕ ಒಬ್ಬಳು ಶ್ಯಾಮಲಾ ಇರುತ್ತಿದ್ದಳು. ನಾನು ಅವಳ ಪುಟಗಳನ್ನು ಮಾತ್ರ ಎರಡು ಸಲ ಓದುತ್ತಿದ್ದೆ. ಯಾರಾದರೂ ನನ್ನನ್ನು ಒಳ್ಳೆಯವಳು ಎಂದರೆ ಈಗಲೂ ನನಗೆ ಅನುಮಾನ ಬರುತ್ತದೆ, ಇವರಿಗೆ ಏನೋ ಬೇಕಾಗಿದೆ ಎಂದು.

ಅಪ್ಪ ತೀರಿಕೊಂಡ ಮೇಲೆ ಅಮ್ಮ ಬೆಳ್ತಂಗಡಿಯಲ್ಲಿ ನನ್ನ ಮನೆಯಲ್ಲಿದ್ದಾಳೆ. ಕಿವಿ, ಕಣ್ಣು, ನಾಲಿಗೆ ಎಲ್ಲ ಚುರುಕಾಗಿಯೇ ಇವೆ. ಒಮ್ಮೆ ಧೈರ್ಯ ಮಾಡಿ ಕೇಳಿದೆ, ನನ್ನನ್ನು ಯಾಕೆ ಹಾಗೆ ಬರೆದದ್ದು ಎಂದು. ಟಿ.ವಿ.ಯಿಂದ ಕಣ್ಣು ತೆಗೆಯದೆ, "ನೀನೂ ಒಳ್ಳೆಯವಳಾದರೆ ಕಥೆ ಎಲ್ಲಿ ಉಂಟು?" ಎಂದಳು.

ಮಮತಾ ಮೆಲ್ಕಾರಿನಲ್ಲಿ ಫ್ಯಾನ್ಸಿ ಅಂಗಡಿ ಇಟ್ಟಿದ್ದಾಳೆ. ಎರಡು ಮಕ್ಕಳ ತಾಯಿ, ನನಗಿಂತ ದಪ್ಪ. ಕಳೆದ ವರ್ಷ ಅವಳ ಅಂಗಡಿಯಲ್ಲಿ ಕುಳಿತಿದ್ದಾಗ, ಇಷ್ಟು ಕಾಲ ಇಬ್ಬರೂ ಎತ್ತದ ಮಾತನ್ನು ನಾನು ಎತ್ತಿದೆ. ಜಗಲಿಯಲ್ಲಿ ಆ ಹಾಳೆಗಳನ್ನು ಓದಿದ್ದಕ್ಕೆ ಕ್ಷಮೆ ಕೇಳಿದೆ. ಸಾವಿನ ಭಯವನ್ನು ಎಂಟು ವರ್ಷದ ಮಗುವಿಗೆ ನಾನೇ ಕೊಟ್ಟೆ, ಅದಕ್ಕೇ ನೀನು ಕೋಳಿಗೂಡಿನ ಹಿಂದೆ ಅಡಗಿದ್ದು ಎಂದೆ. ಅವಳು ಬಳೆಗಳ ಪೆಟ್ಟಿಗೆಯನ್ನು ಅಳತೆ ನೋಡಿ ಜೋಡಿಸುತ್ತಿದ್ದಳು.

"ಸಾಯುವುದಕ್ಕೆ ಹೆದರಿಕೆ ಆದದ್ದಲ್ಲ ಅಕ್ಕ," ಎಂದಳು. "ಸತ್ತರೆ ಎಲ್ಲ ಒಳ್ಳೆಯದಾಗ್ತದೆ ಅಂತ ನೀನೇ ಓದಿ ಹೇಳಿದ್ದೀಯಲ್ಲ. ಸಾಯದೆ ಮನೆಗೆ ವಾಪಸ್ ಬಂದರೆ ಅಮ್ಮ ಎಂತ ಹೇಳ್ತಾಳೋ ಅಂತ ಹೆದರಿಕೆ ಆದದ್ದು."

ಅಷ್ಟರಲ್ಲಿ ತಾಯಿಯ ಕೈ ಹಿಡಿದುಕೊಂಡು ಒಬ್ಬಳು ಸಣ್ಣ ಹುಡುಗಿ ಅಂಗಡಿಯೊಳಗೆ ಬಂದಳು. ಮಮತಾ ಎದ್ದು, ಅವಳ ಪುಟ್ಟ ಮಣಿಕಟ್ಟನ್ನು ಹಿಡಿದು, ಯಾವ ಬಣ್ಣದ ಬಳೆ ಬೇಕು ಎಂದು ಅವಳನ್ನೇ ಕೇಳಿದಳು.